ಲಾರಿ ಚಕ್ರದ ನಡುಕ: ಮನೆಯಾಕೆಗೂ ತಿಳಿದಿರಲಿ

"ಅಲ್ರಿ ಅಕ್ಕಾರ, ಹಪ್ಪಳ ಸಂಡಿಗಿ ಬಿಟ್ಟು ಲಾರಿ ಟಯರಿನ ಬಗ್ಗೆ ಬರಿಯಾಕ ಕುಂತೀರಲ್ಲ!" ಎಂದು ನಮ್ಮ ಓಣಿಯ ಗೆಳತಿಯೊಬ್ಬಳು ನಕ್ಕಳು. ನಗಲಿ ಬಿಡಿ. ಹತ್ತು ವರ್ಷ ನಾನೂ ಅವಳ ಹಾಗೆಯೇ ಅಂದುಕೊಂಡಿದ್ದೆ. ಗಾಡಿಯ ಚಿಂತೆ ಗಂಡಸರದು, ಬುತ್ತಿ ಕಟ್ಟುವುದಷ್ಟೇ ನನ್ನದು ಅಂತ.

ಆದರೆ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಲಾರಿಯಿಂದಲೇ ಒಲೆ ಹತ್ತುವ ಮನೆಗಳು ಒಂದೆರಡಲ್ಲ. ಗಂಗಾವತಿಯ ಗಿರಣಿಗಳಿಂದ ಅಕ್ಕಿ ಹೋಗಬೇಕು. ಕುಷ್ಟಗಿ ಕಡೆಯಿಂದ ಗ್ರಾನೈಟ್ ಕಲ್ಲು ಹೋಗಬೇಕು. ಯಲಬುರ್ಗಾದ ಎರೆ ಹೊಲಗಳಿಂದ ಕಡಲೆ, ಮೆಕ್ಕೆಜೋಳ ಪೇಟೆಗೆ ಬರಬೇಕು. ಗಿಣಿಗೇರಿ ಸುತ್ತಿನ ಕಬ್ಬಿಣದ ಕಾರ್ಖಾನೆಗಳಿಗೆ ಅದಿರು ಬರಬೇಕು. ಎಲ್ಲವೂ ರಬ್ಬರಿನ ಗಾಲಿಯ ಮೇಲೆಯೇ. ಆ ಗಾಲಿ ಸುಮ್ಮನೆ ತಿರುಗಿದರೆ ಮನೆಯೂ ಸುಮ್ಮನೆ ನಡೆಯುತ್ತದೆ. ಗಾಲಿ ನಡುಗಿದರೆ ಮನೆಯೂ ನಡುಗುತ್ತದೆ. ಇದು ನಾನು ಕೈಯಾರೆ ಪಾಟಲಿ ಬಿಚ್ಚಿಕೊಟ್ಟು ಕಲಿತ ಪಾಠ.

ಬಸಿಗೆ ಚೆಲ್ಲಿದ ಚಹಾ

ನಮ್ಮದು ಒಂದೇ ಲಾರಿ. ಓಡಿಸುವವರು ನಮ್ಮ ಯಜಮಾನರೇ. ಗಂಗಾವತಿಯಲ್ಲಿ ಅಕ್ಕಿ ಹೇರಿಕೊಂಡು ಕನಕಗಿರಿ, ತಾವರಗೇರಾ ಮೇಲೆ ಕುಷ್ಟಗಿಗೆ ಹೋಗಿ, ಅಲ್ಲಿ ಹೆದ್ದಾರಿ ಹಿಡಿದು ಇಳಕಲ್, ವಿಜಯಪುರದ ಕಡೆ ಸಾಗುವುದು ಅವರ ದಾರಿ. ನಾಲ್ಕು ವರ್ಷದ ಹಿಂದೆ ಒಂದು ದಿನ ಬಾಡಿಗೆ ಮುಗಿಸಿ ಬೆಳಗಿನ ಜಾವ ಮನೆಗೆ ಬಂದರು. ಚಹಾ ಕೊಟ್ಟೆ. ಕಪ್ಪು ಎತ್ತಿದ ಕೈ ನಡುಗಿ ಅರ್ಧ ಚಹಾ ಬಸಿಗೆ ಚೆಲ್ಲಿತು.

"ಯಾಕ್ರಿ, ಜ್ವರ ಬಂದಾವೇನು?" ಅಂದೆ.

"ಜ್ವರ ಇಲ್ಲ ಏನಿಲ್ಲ. ಸ್ಟೇರಿಂಗು ನಡಗತೈತಿ. ರೋಡು ಸುಮಾರೈತಿ, ಬಿಡು" ಅಂದರು.

ನಾನೂ ಬಿಟ್ಟೆ. ಅದೇ ನನ್ನ ತಪ್ಪು. ಆಮೇಲೆ ರಾತ್ರಿ ಮಲಗಿದಾಗ ಬೆರಳು ಜುಮುಗುಡುತ್ತವೆ ಅನ್ನತೊಡಗಿದರು. ಸೊಂಟಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು ನನಗೆ ದಿನದ ಕೆಲಸವಾಯಿತು. ದಾರಿಯ ದಣಿವು ಎಂದುಕೊಂಡೆವು.

ಅಷ್ಟರಲ್ಲಿ ಮುಂದಿನ ಎಡಗಡೆಯ ಟಯರು ಹಾಳಾಯಿತು. ಅದು ನಾಲ್ಕೇ ತಿಂಗಳ ಹಿಂದೆ ಹಾಕಿಸಿದ ಹೊಸ ಟಯರು. ಒಂದು ಲಾರಿ ಟಯರಿಗೆ ಇಪ್ಪತ್ತು ಸಾವಿರದ ಆಚೀಚೆ ಬೀಳುತ್ತದೆ. ಆ ತಿಂಗಳು ಗಾಡಿಯ ಕಂತು ಬೇರೆ ಇದ್ದುದರಿಂದ ನನ್ನ ಪಾಟಲಿ ಒತ್ತೆಯಿಟ್ಟು ತಂದಿದ್ದೆವು. ಅದರ ಮೈ ನೋಡಿದರೆ ರೊಟ್ಟಿ ಬಡಿಯುವಾಗ ಕೈ ತಪ್ಪಿ ಅಲ್ಲಲ್ಲಿ ತೆಳ್ಳಗಾದ ಹಾಗೆ, ಒಂದು ಗೇಣಿಗೆ ಒಂದರಂತೆ ತಗ್ಗು ಬಿದ್ದಿತ್ತು. ಟಯರು ಮಾರಿದ ಅಂಗಡಿಯವರು "ನೀವು ಓಡಿಸುವ ರೀತಿ ಸರಿಯಿಲ್ಲ" ಅಂದರು. ಇನ್ನೊಂದು ಕಡೆ "ಅಲೈನ್‌ಮೆಂಟ್ ಹೋಗಿದೆ" ಎಂದು ಮೂರು ಸಲ ಅದೇ ಕೆಲಸ ಮಾಡಿ ಮೂರು ಸಲ ದುಡ್ಡು ತೆಗೆದುಕೊಂಡರು. ನಡುಕ ಮಾತ್ರ ಹೋಗಲಿಲ್ಲ.

ಕೊನೆಗೆ ಒಂದು ದಿನ ತಾವರಗೇರಾದಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ನಮ್ಮ ಕ್ಲೀನರ್ ಹುಡುಗ ಗಾಲಿ ನೋಡಿ ಕೂಗಿಕೊಂಡನಂತೆ. ಅದೇ ಎಡಗಾಲಿಯ ಎರಡು ನಟ್ಟು ಕೈಯಿಂದಲೇ ತಿರುಗುವಷ್ಟು ಸಡಿಲವಾಗಿದ್ದವು! ಮೇಲೆ ತುಂಬಿದ ಅಕ್ಕಿ, ಮುಂದೆ ಇಳಿಜಾರು. ಆ ಹುಡುಗ ಕಣ್ಣು ಹಾಯಿಸದೆ ಇದ್ದಿದ್ದರೆ ಏನಾಗುತ್ತಿತ್ತೋ ಆ ಹುಲಿಗೆಮ್ಮನೇ ಬಲ್ಲಳು. ಈ ಸುದ್ದಿ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಿಸ್ತ್ರಿ ಕಾಕಾನ ಪ್ರಶ್ನೆ

ಅದಾದ ವಾರಕ್ಕೆ ಗವಿಮಠಕ್ಕೆಂದು ಲಾರಿಯಲ್ಲೇ ಕೊಪ್ಪಳಕ್ಕೆ ಹೊರಟೆವು. ಕ್ಯಾಬಿನ್ನಿನಲ್ಲಿ ಕೂತು ನಾನು ಬೇರೆ ಏನನ್ನೂ ನೋಡಲಿಲ್ಲ. ಸ್ಪೀಡು ತೋರಿಸುವ ಮುಳ್ಳನ್ನೂ ಅವರ ಕೈಯನ್ನೂ ನೋಡುತ್ತ ಬಂದೆ. ದರ್ಶನ ಮುಗಿಸಿ ಊರಿನ ಹಳೆಯ ಮಿಸ್ತ್ರಿಯೊಬ್ಬರ ಗ್ಯಾರೇಜಿಗೆ ಹೋದೆವು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಕಾಕಾ ಪಾನಾ ಕೈಗೆತ್ತಿಕೊಳ್ಳಲಿಲ್ಲ. ಮೊದಲು ಕೇಳಿದ್ದು ಒಂದೇ ಮಾತು: "ಎಷ್ಟು ಸ್ಪೀಡಿನಾಗ ನಡಗತೈತಿ?"

"ಯಾವಾಗ್ಲೂ" ಅಂದರು ಯಜಮಾನರು.

"ಇಲ್ಲ ಕಾಕಾ, ಐವತ್ತೈದಕ್ಕ ಸುರು ಆಗತೈತಿ. ಎಪ್ಪತ್ತು ದಾಟಿದ್ರ ಕಮ್ಮಿ ಆಗತೈತಿ. ಸಾವಕಾಶ ಹೋದ್ರ ಏನೂ ಇಲ್ಲ" ಅಂದೆ ನಾನು.

ಕಾಕಾ ನನ್ನ ಕಡೆ ತಿರುಗಿ "ಶಾಣ್ಯಾಕಿ ಅದೀ ತಂಗೆವ್ವ. ಇದು ರೋಡಿನ ನಡುಕ ಅಲ್ಲ, ಗಾಲಿ ತೂಕದ ನಡುಕ" ಅಂದರು. ರೋಡು ಕೆಟ್ಟಿದ್ದರೆ ಗಾಡಿ ಯಾವ ಸ್ಪೀಡಿನಲ್ಲಾದರೂ ಕುಲುಕುತ್ತದೆ. ನುಣ್ಣನೆಯ ಹೆದ್ದಾರಿಯ ಮೇಲೂ ಒಂದು ಗೊತ್ತಾದ ಸ್ಪೀಡಿಗೆ ಮಾತ್ರ ನಡುಕ ಏಳುತ್ತದೆಂದರೆ ದೋಷ ತಿರುಗುವ ಗಾಲಿಯಲ್ಲೇ ಇದೆ. ಇನ್ನೊಂದು ಗುರುತೂ ಹೇಳಿಕೊಟ್ಟರು. ನಡುಕ ಸ್ಟೇರಿಂಗಿನಲ್ಲಿ ಕೈಗೆ ಬಂದರೆ ಸಾಮಾನ್ಯವಾಗಿ ಮುಂದಿನ ಗಾಲಿ. ಕೂತ ಸೀಟಿಗೆ, ಸೊಂಟಕ್ಕೆ ಬಂದರೆ ಹಿಂದಿನ ಗಾಲಿ.

ಎಪ್ಪತ್ತು ದಾಟಿದರೆ ಏಕೆ ಕಮ್ಮಿಯಾಗುತ್ತದೆ? ಪಂಚಮಿಯ ಜೋಕಾಲಿ ನೆನಪು ಮಾಡಿಕೊಳ್ಳಿ. ಜೋಕಾಲಿ ಹಿಂದೆ ಬಂದ ಗಳಿಗೆಗೆ ಸರಿಯಾಗಿ ನೂಕಿದರೆ ಮುಗಿಲು ಮುಟ್ಟುತ್ತದೆ. ಹೊತ್ತು ತಪ್ಪಿ ನೂಕಿದರೆ ಅಷ್ಟು ಏಳುವುದಿಲ್ಲ. ಗಾಡಿಯ ಮುಂಭಾಗಕ್ಕೂ ಕಮಾನು ಪಟ್ಟಿಗೂ ಅದರದೇ ಒಂದು ತೂಗಾಟವಿದೆ. ಗಾಲಿಯ ಎಳೆತ ಆ ತೂಗಾಟಕ್ಕೆ ಹೊಂದಿಕೊಂಡ ಸ್ಪೀಡಿನಲ್ಲಿ ನಡುಕ ಜೋರು. ಅದನ್ನು ದಾಟಿದರೆ ನಡುಕ ಕಮ್ಮಿಯಾಗುತ್ತದೆ, ಎಳೆತ ಮಾತ್ರ ಹೆಚ್ಚುತ್ತಲೇ ಇರುತ್ತದೆ. "ಜೋರು ಓಡಿಸಿದ್ರ ನಡುಕ ಹೋಗತೈತಿ" ಎನ್ನುವ ಡ್ರೈವರುಗಳು ಮೋಸ ಹೋಗುವುದು ಇಲ್ಲಿಯೇ.

ಬೀಸುಕಲ್ಲು, ಕೌದಿ ಮತ್ತು ಗಾಲಿ

ಗಾಲಿಗೆ ತೂಕವೇಕೆ ಸರಿಯಿರಬೇಕು? ನಮಗೆ ಹೆಂಗಸರಿಗೆ ಇದು ಬೇಗ ಅರ್ಥವಾಗುತ್ತದೆ. ಬೀಸುಕಲ್ಲಿನ ಗೂಟ ನಡುವಿನಿಂದ ಸರಿದರೆ ಮೇಲಿನ ಕಲ್ಲು ಓಲಾಡಿ ಹಿಟ್ಟು ಒಂದು ಕಡೆ ನುಣ್ಣಗೆ, ಒಂದು ಕಡೆ ತರಿತರಿಯಾಗಿ ಬೀಳುತ್ತದೆ. ಬಟ್ಟೆ ಒಗೆಯುವ ಯಂತ್ರದಲ್ಲಿ ಒಂದು ನೆನೆದ ಕೌದಿ ಹಾಕಿ ನೋಡಿ. ನೀರು ಹಿಂಡಲು ತಿರುಗುವಾಗ ಕೌದಿ ಒಂದು ಮಗ್ಗುಲಿಗೆ ಗುಡ್ಡೆಯಾದರೆ ಯಂತ್ರವೇ ಕುಣಿಯುತ್ತ ಜಾಗ ಬಿಟ್ಟು ಸರಿಯುತ್ತದೆ. ಕೌದಿಯನ್ನು ಸುತ್ತ ಸಮನಾಗಿ ಹರಡಿದರೆ ತೆಪ್ಪಗಾಗುತ್ತದೆ. ಲಾರಿ ಗಾಲಿಯದೂ ಇದೇ ಕಥೆ.

ಗಾಲಿಯೆಂದರೆ ರಬ್ಬರು ಮಾತ್ರವಲ್ಲ. ಲಾರಿಯವರು ಡಿಸ್ಕು ಅನ್ನುವ ಕಬ್ಬಿಣದ ಚಕ್ರ, ಅದರ ಮೇಲೆ ಟಯರು, ಒಳಗೆ ಟ್ಯೂಬು, ಟ್ಯೂಬಿನ ಕೆಳಗೆ ಪಟ್ಟಿ, ಹವಾ ಹೊಡೆಯುವ ವಾಲು, ಅಂಚಿಗೆ ರಿಂಗು. ಇಷ್ಟೂ ಸೇರಿ ಒಂದು ಗಾಲಿ. ಇವುಗಳಲ್ಲಿ ಯಾವುದೂ ಸುತ್ತಲೂ ತೂಕ ಒಂದೇ ಸಮ ಇರುವ ಹಾಗೆ ತಯಾರಾಗುವುದಿಲ್ಲ. ಒಂದು ಕಡೆ ಗುಂಜಿಯಷ್ಟು ಭಾರ, ಒಂದು ಕಡೆ ಹಗುರ ಇದ್ದೇ ಇರುತ್ತದೆ. ಆದ್ದರಿಂದಲೇ ಕೆಲವು ಹೊಸ ಟಯರುಗಳ ಮೇಲೆ ಹಗುರವಾದ ಜಾಗಕ್ಕೆ ಹಳದಿ ಚುಕ್ಕೆ ಇಟ್ಟಿರುತ್ತಾರೆ. ಹಾಕುವಾಗ ಆ ಚುಕ್ಕೆ ವಾಲಿನ ಹತ್ತಿರ ಬರುವಂತೆ ಕೂರಿಸಬೇಕು. ವಾಲಿನ ಭಾರ, ಟಯರಿನ ಹಗುರ ಒಂದಕ್ಕೊಂದು ಸರಿಹೋಗಲಿ ಎಂದು. ಎಷ್ಟು ಅಂಗಡಿಯ ಹುಡುಗರು ಆ ಚುಕ್ಕೆ ನೋಡುತ್ತಾರೆ? ನೀವು ಪಕ್ಕದಲ್ಲಿ ನಿಂತು ಕೇಳಿ, ಆಗ ನೋಡುತ್ತಾರೆ.

ಸಮತೂಕ ತಪ್ಪುವುದು ಎರಡು ಬಗೆ. ಗಾಲಿಯ ಸುತ್ತಿನಲ್ಲಿ ಒಂದು ಜಾಗ ಭಾರವಾದರೆ ಅದು ಮೇಲಕ್ಕೂ ಕೆಳಕ್ಕೂ ಕುಪ್ಪಳಿಸುತ್ತದೆ. ಒಳಮಗ್ಗುಲು ಒಂದು ಕಡೆ, ಹೊರಮಗ್ಗುಲು ಇನ್ನೊಂದು ಕಡೆ ಭಾರವಾದರೆ ಸೋಲುವ ಬುಗುರಿಯ ಹಾಗೆ ಅತ್ತಿತ್ತ ತಲೆ ಹಾಕುತ್ತದೆ. ಈ ಎರಡನೆಯ ತಪ್ಪು ಗಾಲಿಯನ್ನು ಸುಮ್ಮನೆ ಎತ್ತಿ ಕೈಯಿಂದ ತಿರುಗಿಸಿದರೆ ತಿಳಿಯುವುದಿಲ್ಲ. ಯಂತ್ರಕ್ಕೇ ಹಾಕಿ ತಿರುಗಿಸಬೇಕು.

ತಿರುಗುವ ವಸ್ತುವಿನ ಮರ್ಮ ನಮ್ಮ ನಾಡಿಗೆ ಹೊಸದಲ್ಲ. ಇಟಗಿಯ ಮಹಾದೇವ ದೇವಾಲಯ ನೋಡಿದ್ದೀರಲ್ಲ? ಮೊದಲು ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿದೆ. 1112ರಲ್ಲಿ ಚಾಲುಕ್ಯರ ಕಾಲದಲ್ಲಿ ಕಟ್ಟಿದ್ದು. ತಿರುಗಣೆಯಲ್ಲಿ ಕಡೆದಂತಿರುವ ಅಲ್ಲಿನ ಕಂಬಗಳ ದುಂಡು ಬಳೆಗಳ ಮೇಲೆ ಬೆರಳಾಡಿಸಿದರೆ ಎಲ್ಲೂ ಒಂದು ಏರುಪೇರು ಸಿಗುವುದಿಲ್ಲ. ಕಲ್ಲನ್ನೇ ಅಷ್ಟು ಸಮ ಮಾಡಿದ ಊರಿನವರು ನಾವು ರಬ್ಬರಿನ ಗಾಲಿಯ ಬಗ್ಗೆ ಉದಾಸೀನ ಮಾಡಬಹುದೇ?

ಕಾಲು ಕಿಲೋ ಮಣ್ಣಿನ ಕರಾಮತ್ತು

ಕಾಕಾ ಜಾಕು ಕೊಟ್ಟು ಎಡಗಾಲಿ ಬಿಚ್ಚಿಸಿದರು. ಒಳಮಗ್ಗುಲು ತಿರುವಿ ತೋರಿಸಿದಾಗ ನಾವಿಬ್ಬರೂ ಬೆರಗಾದೆವು. ಡಿಸ್ಕಿನ ಒಳಮೈಗೆ ಒಂದು ಕಡೆ ಎರೆ ಮಣ್ಣು ಹೆಂಟೆಯಾಗಿ ಅಂಟಿ ಒಣಗಿತ್ತು! ಹಿಂದಿನ ಮಳೆಗಾಲದಲ್ಲಿ ಯಲಬುರ್ಗಾ ಕಡೆ ಮೆಕ್ಕೆಜೋಳ ಹೇರಲು ಹೊಲದ ದಾರಿಗೆ ಇಳಿದಿದ್ದರು. ನಮ್ಮ ಎರೆ ಮಣ್ಣಿನ ಗುಣ ನಿಮಗೆ ಗೊತ್ತಲ್ಲ, ಹಸಿಯಿದ್ದಾಗ ಅಂಟು, ಒಣಗಿದರೆ ಕಲ್ಲು. ಗಂಗಾವತಿ ಕಡೆಯ ಗದ್ದೆ ಕೆಸರೂ ಕಮ್ಮಿಯೇನಲ್ಲ. ಹೊರಗಿನ ಮೈಯನ್ನು ಕ್ಲೀನರ್ ಹುಡುಗರು ತೊಳೆದು ಬಣ್ಣ ಬರಿಸುತ್ತಾರೆ, ಒಳಮೈ ಯಾರ ಕಣ್ಣಿಗೂ ಬೀಳುವುದಿಲ್ಲ.

ಕೆರೆದು ತೆಗೆದ ಹೆಂಟೆಯನ್ನು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದೆ. ಕಾಲು ಕಿಲೋ ತೂಗಿತು. "ಇಷ್ಟ ಮಣ್ಣು ಅಷ್ಟು ದೊಡ್ಡ ಲಾರಿ ನಡುಗಿಸತೈತೇನು?" ಎಂದು ನಾನು ನಂಬಲಿಲ್ಲ. ಮನೆಗೆ ಬಂದು ಪಿ.ಯು.ಸಿ. ವಿಜ್ಞಾನ ಓದುವ ಮಗಳಿಗೆ ಲೆಕ್ಕ ಮಾಡಲು ಕೊಟ್ಟೆ. ಅವಳು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ.

ಲಾರಿ ಗಾಲಿ ಒಂದು ಸುತ್ತು ತಿರುಗಿದರೆ ಸುಮಾರು ಮೂರೂಕಾಲು ಮೀಟರು ಮುಂದೆ ಹೋಗುತ್ತದೆ. ತಾಸಿಗೆ 60 ಕಿಲೋಮೀಟರೆಂದರೆ ಮಿನಿಟಿಗೆ ಒಂದು ಕಿಲೋಮೀಟರು. ಅಂದರೆ ಗಾಲಿ ಮಿನಿಟಿಗೆ 300 ಸುತ್ತು, ಸೆಕೆಂಡಿಗೆ 5 ಸುತ್ತು. ಡಿಸ್ಕಿನ ಅಂಚಿನಲ್ಲಿ ಅಂಟಿದ ಕಾಲು ಕಿಲೋ ಮಣ್ಣು ಆ ಸ್ಪೀಡಿನಲ್ಲಿ ಆರು ಕಿಲೋಗೂ ಮೇಲಿನ ಭಾರದಂತೆ ಗಾಲಿಯನ್ನು ಹೊರಕ್ಕೆ ಎಳೆಯುತ್ತದೆ. ಸೆಕೆಂಡಿಗೆ ಐದು ಸಲ, ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಮುಂದೆ, ಒಮ್ಮೆ ಹಿಂದೆ! ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ. ಅದೇ ಮಣ್ಣು 40ರ ಸ್ಪೀಡಿನಲ್ಲಿ ಮೂರು ಕಿಲೋದೊಳಗೆ ಎಳೆದರೆ 80ರಲ್ಲಿ ಹನ್ನೊಂದು ಕಿಲೋದಷ್ಟು ಎಳೆಯುತ್ತದೆ. ಗವಿಸಿದ್ಧೇಶ್ವರನ ತೇರಿನ ಗಾಲಿ ಎಷ್ಟೇ ದೊಡ್ಡದಿದ್ದರೂ ಮೆಲ್ಲಗೆ ಸಾಗುವುದರಿಂದ ಈ ಕಾಟವಿಲ್ಲ. ವೇಗ ಬಂದಾಗಲೇ ತೂಕದ ತಪ್ಪು ಬಾಯಿ ಬಿಡುವುದು.

ಮಗಳು ಇನ್ನೊಂದು ಲೆಕ್ಕವನ್ನೂ ಹಾಕಿದಳು. ಕುಷ್ಟಗಿಯಿಂದ ಮುಂದೆ ಒಂದೇ ತಾಸು ಓಡಿದರೂ ಹದಿನೆಂಟು ಸಾವಿರ ಸಲ ಈ ಏಟು ಬೀಳುತ್ತದೆ. ಆ ಏಟು ತಿನ್ನುವವರು ಯಾರು? ಮೊದಲು ಟಯರು. ಆಮೇಲೆ ಹಬ್ಬಿನ ಬೇರಿಂಗು, ಕಿಂಗ್‌ಪಿನ್ನು, ಸ್ಟೇರಿಂಗಿನ ಕೀಲುಗಳು. ಆಮೇಲೆ ನಟ್ಟು. ಕೊನೆಗೆ ನಮ್ಮ ಮನೆಯವರ ಕೈ ಮತ್ತು ಸೊಂಟ. ದಿನಗಟ್ಟಲೆ ನಡುಗುವ ಯಂತ್ರ ಹಿಡಿದವರಿಗೆ ಬೆರಳು ಜೋಮು ಹಿಡಿಯುವುದು, ಕೂತಲ್ಲೇ ಕುಲುಕುವವರಿಗೆ ಬೆನ್ನು ನೋವು ಬರುವುದು ವೈದ್ಯರು ಬಲ್ಲ ಸಂಗತಿ. ನಾನು ಹಚ್ಚಿದ ಎಣ್ಣೆ ಸೊಂಟಕ್ಕೆ ಬಿತ್ತು, ಕಾಯಿಲೆ ಗಾಲಿಯಲ್ಲಿತ್ತು.

ಮಣ್ಣು ತೆಗೆದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಕಾಕಾ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಹಬ್ಬಿನ ಬೇರಿಂಗು ಸಡಿಲವಾಗಿದ್ದು ತಿಳಿಯಿತು. ಅದನ್ನು ಬಿಗಿಮಾಡಿ ಗ್ರೀಸು ತುಂಬಿದರು. ತಗ್ಗು ಬಿದ್ದ ಟಯರು ತೆಗೆಸಿ ಬೇರೆ ಹಾಕಿದ ಮೇಲೆಯೇ "ಈಗ ಬ್ಯಾಲೆನ್ಸಿಂಗ್ ಮಾಡಸ್ರಿ" ಎಂದು ಕಳಿಸಿದರು.

ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ

ನಾವು ಮೂರು ಸಲ ದುಡ್ಡು ಕಳೆದುಕೊಂಡದ್ದು ಇವೆರಡರ ವ್ಯತ್ಯಾಸ ಗೊತ್ತಿಲ್ಲದ್ದಕ್ಕೆ. ಗಾಲಿಗಳು ಒಂದರ ಪಕ್ಕ ಒಂದು ನೆಟ್ಟಗೆ ಮುಂದೆ ನೋಡುತ್ತಿವೆಯೇ ಎಂದು ಸರಿಮಾಡುವುದು ಅಲೈನ್‌ಮೆಂಟ್. ಅದು ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಗಾಲಿಯ ಸುತ್ತ ತೂಕ ಸಮ ಮಾಡುವುದು ಬ್ಯಾಲೆನ್ಸಿಂಗ್. ಅದು ತಪ್ಪಿದರೆ ಗಾಡಿ ನಡುಗುತ್ತದೆ. ಎಳೆತಕ್ಕೆ ಒಂದು ಮದ್ದು, ನಡುಕಕ್ಕೆ ಇನ್ನೊಂದು. ಅಂಗಡಿಯಲ್ಲಿ ಎರಡನ್ನೂ ಒಟ್ಟಿಗೆ ಹೇಳುವುದರಿಂದ ಒಂದೇ ಎಂದು ನಾವು ತಿಳಿಯುತ್ತೇವೆ.

ಬ್ಯಾಲೆನ್ಸಿಂಗ್ ಮಾಡುವುದನ್ನು ನಾನೇ ನಿಂತು ನೋಡಿದೆ. ಗಾಲಿಯನ್ನು ಯಂತ್ರದ ಅಚ್ಚಿಗೆ ಸರಿಯಾಗಿ ನಡುವಿಗೆ ಕೂರಿಸಿ ತಿರುಗಿಸುತ್ತಾರೆ. ಯಾವ ಮಗ್ಗುಲಿಗೆ, ಯಾವ ಜಾಗದಲ್ಲಿ, ಎಷ್ಟು ಗ್ರಾಂ ಬೇಕೆಂದು ಯಂತ್ರವೇ ತೋರಿಸುತ್ತದೆ. ಅಷ್ಟು ತೂಕದ ತುಂಡನ್ನು ಡಿಸ್ಕಿನ ಅಂಚಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಸಿಕ್ಕಿಸುತ್ತಾರೆ. ಮತ್ತೆ ತಿರುಗಿಸಿ ಸೊನ್ನೆ ಬಂದಿತೇ ಎಂದು ನೋಡಬೇಕು. ಈ ಎರಡನೆಯ ಸಲದ ತಿರುಗಿಸುವುದನ್ನು ಕೆಲವರು ಬಿಡುತ್ತಾರೆ. "ಇನ್ನೊಮ್ಮೆ ತಿರುಗಿಸ್ರಿ ಅಣ್ಣಾ, ನೋಡೂಣು" ಎಂದು ಬಾಯಿಬಿಟ್ಟು ಹೇಳಿ. ಗಾಲಿಯ ಮಣ್ಣು ತೊಳೆಯದೆ ಯಂತ್ರಕ್ಕೆ ಹಾಕಿದರೆ ಮಣ್ಣನ್ನೂ ಸೇರಿಸಿ ತೂಕ ಮಾಡಿದ ಹಾಗೆ. ನಾಳೆ ಮಣ್ಣು ಉದುರಿದರೆ ಮತ್ತೆ ನಡುಕವೇ.

ಆ ತೂಕದ ತುಂಡುಗಳಲ್ಲಿ ಸೀಸದವೂ ಇರುತ್ತವೆ. ಉದುರಿದ ತುಂಡುಗಳನ್ನು ಮಕ್ಕಳು ಆಟಕ್ಕೆ ಎತ್ತಿಕೊಂಡು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಸೀಸ ವಿಷ. ಅಡುಗೆಮನೆಯ ಒಲೆಯ ಮೇಲೆ ಕರಗಿಸುವುದಂತೂ ಖಂಡಿತ ಬೇಡ.

ಕೆಲವು ದೇಶಗಳಲ್ಲಿ ಲಾರಿಯವರು ಟಯರಿನ ಒಳಗೇ ಸಣ್ಣ ಗಾಜಿನ ಮಣಿಗಳನ್ನು ಹಾಕಿ, ಅವು ತಿರುಗುವಾಗ ತಾವಾಗಿಯೇ ಹಗುರ ಜಾಗಕ್ಕೆ ಸರಿಯುವಂತೆ ಮಾಡುತ್ತಾರೆ. ಅದು ಟ್ಯೂಬಿಲ್ಲದ ಟಯರಿನ ಮಾತು. ಟ್ಯೂಬು ಹಾಕುವ ನಮ್ಮ ಗಾಡಿಗಳಿಗೆ ಅಂಚಿನ ತೂಕವೇ ಸರಿ.

ಮಗುವಿನ ಸೈಕಲ್ಲು, ಮಕ್ಕಳ ಬಲೂನು

ಇಲ್ಲೊಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ಗಾಳಿ ತುಂಬಿದ ಟಯರು ಬಳಕೆಗೆ ಬಂದದ್ದೇ ನಡುಕ ತಪ್ಪಿಸಲು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲು ಗಟ್ಟಿ ಗಾಲಿಯಿಂದ ಕುಲುಕುವುದನ್ನು ನೋಡಲಾರದೆ ಗಾಳಿ ತುಂಬಿದ ರಬ್ಬರು ಸುತ್ತಿದ. ನಮ್ಮ ದೇಶದ ಎಂ.ಆರ್.ಎಫ್. ಕಂಪೆನಿ 1946ರಲ್ಲಿ ಮದರಾಸಿನಲ್ಲಿ ಆಟದ ಬಲೂನು ಮಾಡುವ ಸಣ್ಣ ಘಟಕವಾಗಿ ಸುರುವಾಯಿತು. 1952ರಲ್ಲಿ ಸವೆದ ಟಯರಿಗೆ ಮೇಲೆ ಹಾಕುವ ರಬ್ಬರು ತಯಾರಿಸತೊಡಗಿತು. ನಮ್ಮ ಮೈಸೂರಿನ ವಿಕ್ರಾಂತ್ ಟಯರು ಕಾರ್ಖಾನೆಯ ಹೆಸರು ಕೇಳದ ಲಾರಿಯವರುಂಟೇ? ಈಗ ಅದು ಜೆ.ಕೆ. ಟಯರಿನವರದು. ಅಪ್ಪನೊಬ್ಬ ಮಗನ ಮೈ ಕುಲುಕದಿರಲಿ ಎಂದು ಮಾಡಿದ ವಸ್ತು ನಮ್ಮ ಗಂಡಂದಿರ ಮೈ ಕುಲುಕಿಸುತ್ತಿದ್ದರೆ ತಪ್ಪು ವಸ್ತುವಿನದಲ್ಲ, ನಮ್ಮ ಅಸಡ್ಡೆಯದು.

ಕೈಯಾಡಿಸಿ ಟಯರು ಓದಿ

ಅಕ್ಕಿಯಲ್ಲಿ ಕಲ್ಲು, ಸೀರೆಯಲ್ಲಿ ನೂಲಿನ ಗಂಟು ನಮ್ಮ ಬೆರಳಿಗೆ ತಿಳಿಯುವಂತೆ ಟಯರಿನ ದೋಷವೂ ತಿಳಿಯುತ್ತದೆ. ಗಾಡಿ ನಿಂತಾಗ, ಟಯರು ತಣ್ಣಗಿದ್ದಾಗ, ಅಂಗೈಯನ್ನು ಟಯರಿನ ಮೈಮೇಲೆ ಸುತ್ತಲೂ ಆಡಿಸಿ. ತಂತಿ ಹೊರಗೆ ಬಂದಿದ್ದರೆ ಚುಚ್ಚೀತು, ಜೋಕೆ.

ಅಲ್ಲಲ್ಲಿ ಬಟ್ಟಲಿನಂಥ ತಗ್ಗು ಸಿಕ್ಕರೆ ಸಮತೂಕ ತಪ್ಪಿದೆ, ಇಲ್ಲವೆ ಬೇರಿಂಗು, ಶಾಕ್ ಅಬ್ಸಾರ್ಬರು ಸಡಿಲ. ನಡುವೆ ಮಾತ್ರ ಸವೆದಿದ್ದರೆ ಹವಾ ಹೆಚ್ಚಾಗಿದೆ. ಎರಡೂ ಅಂಚು ಸವೆದಿದ್ದರೆ ಹವಾ ಕಮ್ಮಿ. ಒಂದೇ ಅಂಚು ಸವೆದಿದ್ದರೆ, ಇಲ್ಲವೆ ಒಂದು ಕಡೆಯಿಂದ ಕೈಯಾಡಿಸಿದರೆ ನುಣುಪು, ಮರಳಿದರೆ ಗರಗಸದಂತೆ ತಾಗಿದರೆ ಅಲೈನ್‌ಮೆಂಟ್ ತಪ್ಪಿದೆ. ಒಂದೇ ಜಾಗದಲ್ಲಿ ಚಪ್ಪಟೆಯಾಗಿದ್ದರೆ ಬ್ರೇಕು ಕಚ್ಚಿ ಗಾಲಿ ಎಳೆದುಕೊಂಡು ಹೋಗಿದೆ. ಪಕ್ಕೆಯಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಂದು ಮೈಲಿಯೂ ಓಡಿಸಬಾರದು.

ನಮ್ಮ ಮನೆಯಲ್ಲಿ ಈಗ ಹಾಲಿನ ಲೆಕ್ಕದ ವಹಿಯ ಪಕ್ಕದಲ್ಲಿ ಟಯರಿನ ವಹಿಯೂ ಇದೆ. ಒಂದು ಟಯರಿಗೆ ಒಂದು ಪುಟ. ಅದರ ನಂಬರು, ಕೊಂಡ ದಿನ, ಆಗಿನ ಕಿಲೋಮೀಟರು, ಯಾವ ಜಾಗದಲ್ಲಿತ್ತು, ಯಾವಾಗ ಬದಲಿಸಿದ್ದು, ಯಾವಾಗ ಬ್ಯಾಲೆನ್ಸಿಂಗ್ ಮಾಡಿಸಿದ್ದು ಇಷ್ಟೇ. ಮುಂದಿನ ಬಾಡಿಗೆಯ ಬುತ್ತಿ ಕಟ್ಟುವ ಮುಂಚೆ ಒಮ್ಮೆ ವಹಿ ತೆಗೆಯುತ್ತೇನೆ. ಯಾವ ಟಯರು ಬೇಗ ಸವೆಯುತ್ತಿದೆ ಎಂದು ಗಾಡಿ ಹೇಳುವ ಮೊದಲು ವಹಿ ಹೇಳುತ್ತದೆ.

ನೆನಪಿಡಬೇಕಾದ ಮಾತುಗಳು

1. ಹೊಸ ಟಯರು ಹಾಕಿದಾಗ, ಪಂಕ್ಚರ್ ತೆಗೆಸಿ ಮತ್ತೆ ಕೂರಿಸಿದಾಗ, ಟಯರಿಗೆ ರೀಸೋಲ್ ಮಾಡಿಸಿದಾಗ ಬ್ಯಾಲೆನ್ಸಿಂಗ್ ನೋಡಿಸಿ. ಮುಂದಿನ ಎರಡು ಗಾಲಿಗೆ ಇದು ತಪ್ಪಲೇಬಾರದು.

2. ರೀಸೋಲ್ ಮಾಡಿದ ಟಯರನ್ನು ಮುಂದೆ ಹಾಕಬೇಡಿ. ಮುಂದೆ ಯಾವಾಗಲೂ ಗಟ್ಟಿಯಾದ, ಸಮನಾದ ಜೋಡಿ ಇರಲಿ.

3. ಹಿಂದೆ ಜೋಡಿಯಾಗಿ ಹಾಕುವ ಎರಡು ಟಯರು ಎತ್ತರದಲ್ಲಿ ಒಂದೇ ಸಮ ಇರಬೇಕು. ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಭಾರವೆಲ್ಲ ಹೊಸದರ ಮೇಲೆ ಬಿದ್ದು ಅದು ಬೇಗ ಬಿಸಿಯಾಗುತ್ತದೆ.

4. ಆ ಜೋಡಿಯ ನಡುವೆ ಕಲ್ಲು ಸಿಕ್ಕಿದೆಯೇ ನೋಡಿ. ಗ್ರಾನೈಟ್ ಹೇರುವ ಕಡೆ, ಅದಿರಿನ ದಾರಿಯಲ್ಲಿ ಇದು ದಿನವೂ ಆಗುವ ಮಾತು. ಆ ಕಲ್ಲು ಟಯರಿನ ಪಕ್ಕೆ ಕಡಿಯುತ್ತದೆ, ಸಿಡಿದರೆ ಹಿಂದೆ ಬರುವವರ ಗಾಜು ಒಡೆಯುತ್ತದೆ.

5. ಹೊಲಕ್ಕೆ ಇಳಿದು ಬಂದ ದಿನವೇ ಡಿಸ್ಕಿನ ಒಳಮೈಯ ಮಣ್ಣು ತೊಳೆಸಿ. ಹಸಿಯಿದ್ದಾಗ ಒಂದು ಕೊಡ ನೀರಿಗೆ ಹೋಗುವುದು ಒಣಗಿದ ಮೇಲೆ ಉಳಿಗೂ ಬಗ್ಗುವುದಿಲ್ಲ.

6. ಹವಾ ನೋಡಿಸುವುದು ಬೆಳಿಗ್ಗೆ, ಟಯರು ತಣ್ಣಗಿದ್ದಾಗ, ಮೀಟರಿನಿಂದಲೇ. ರಾಡಿನಿಂದ ಬಡಿದು ಸಪ್ಪಳ ಕೇಳಿದರೆ ಪೂರಾ ಇಳಿದದ್ದು ಮಾತ್ರ ತಿಳಿದೀತು, ಅರೆಬರೆ ಇಳಿದದ್ದು ತಿಳಿಯದು. ನಮ್ಮ ಕಡೆಯ ಬಿಸಿಲಿನಲ್ಲಿ ಓಡಿದ ಟಯರಿನ ಹವಾ ಏರಿರುವುದು ಸಹಜ. ಹೆಚ್ಚಾಯಿತೆಂದು ಬಿಸಿಯಿದ್ದಾಗ ತೆಗೆಯಬೇಡಿ. ತಣ್ಣಗಾದ ಮೇಲೆ ಕಮ್ಮಿಬೀಳುತ್ತದೆ.

7. ನಟ್ಟು ಬಿಗಿಯುವಾಗ ಒಂದರ ಪಕ್ಕ ಒಂದು ಬಿಗಿಯದೆ ಎದುರುಬದುರು ಬಿಗಿಯಬೇಕು. ಇಲ್ಲದಿದ್ದರೆ ಗಾಲಿ ಓರೆಯಾಗಿ ಕೂರುತ್ತದೆ. ಗಾಲಿ ಬದಲಿಸಿದ ಮೇಲೆ 50ರಿಂದ 100 ಕಿಲೋಮೀಟರು ಓಡಿದೊಡನೆ ಮತ್ತೊಮ್ಮೆ ಬಿಗಿ ನೋಡಲೇಬೇಕು. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲವಾದುದರ ಗುರುತು.

8. ರಿಂಗು ಇರುವ ಗಾಲಿ ಬಿಚ್ಚುವ ಮೊದಲು ಹವಾ ಪೂರ್ತಿ ತೆಗೆಸಿ. ಹವಾ ತುಂಬುವಾಗ ಕಬ್ಬಿಣದ ಪಂಜರದೊಳಗೇ ತುಂಬಿಸಿ, ಎದುರಿಗೆ ಯಾರೂ ನಿಲ್ಲಬಾರದು. ಸಿಡಿದ ರಿಂಗು ಜೀವ ತೆಗೆಯುತ್ತದೆ. ಗಾಡಿಯ ಹತ್ತಿರ ಆಡುವ ಮಕ್ಕಳನ್ನು ಆಗ ಒಳಗೆ ಕರೆದುಕೊಳ್ಳಿ.

9. ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗದಿದ್ದರೆ ಮತ್ತೆ ಮತ್ತೆ ತೂಕ ಸಿಕ್ಕಿಸಬೇಡಿ. ಡಿಸ್ಕು ಬಾಗಿದೆಯೇ, ಟಯರು ಓರೆ ಕೂತಿದೆಯೇ, ಬೇರಿಂಗು, ಕಿಂಗ್‌ಪಿನ್ನು ಸಡಿಲವೇ, ಬ್ರೇಕಿನ ಡ್ರಮ್ಮು ಸರಿಯಿದೆಯೇ ನೋಡಿಸಿ.

ರೂಢಿ ಮಾಡಿಕೊಳ್ಳಬೇಡಿ

ಆ ದಿನ ಕೊಪ್ಪಳದಿಂದ ಮರಳುವಾಗ ಗಾಡಿ ಅರವತ್ತರಲ್ಲಿತ್ತು. ಯಜಮಾನರು ಸ್ಟೇರಿಂಗಿನ ಮೇಲೆ ಎರಡೇ ಬೆರಳಿಟ್ಟು ನನ್ನ ಕಡೆ ನೋಡಿದರು. "ಎರಡೂ ಕೈಲೆ ಹಿಡೀರಿ, ದೊಡ್ಡಸ್ತಿಕಿ ಬ್ಯಾಡ" ಎಂದು ಬೈದೆ. ಆದರೆ ಒಳಗೊಳಗೆ ಕಣ್ಣು ತುಂಬಿ ಬಂತು. ಒಂದು ವರುಷ ಅವರು ಆ ನಡುಕವನ್ನು ಹಿಡಿದುಕೊಂಡೇ ದುಡಿದಿದ್ದರು. ರೋಡಿನದೆಂದರು, ವಯಸ್ಸಿನದೆಂದರು, ಹಣೆಬರಹವೆಂದರು. ನಾನೂ ಹೂಂಗುಟ್ಟಿದ್ದೆ. ಕಾಲು ಕಿಲೋ ಮಣ್ಣು ಮತ್ತು ಒಂದು ಸಡಿಲ ಬೇರಿಂಗು! ಇಷ್ಟಕ್ಕೆ ಒಂದು ಟಯರು, ಮೂರು ಸಲದ ಕೂಲಿ, ನನ್ನ ಪಾಟಲಿಯ ಮೇಲಿನ ಬಡ್ಡಿ ಹೋಯಿತು. ಜೀವ ಉಳಿದದ್ದು ಒಬ್ಬ ಹುಡುಗನ ಕಣ್ಣಿನಿಂದ.

ನಾವು ಹೆಂಗಸರು ಸಂಸಾರದಲ್ಲಿ ಬಹಳ ನಡುಕಗಳನ್ನು ರೂಢಿ ಮಾಡಿಕೊಂಡಿರುತ್ತೇವೆ. ಲಾರಿಯ ನಡುಕವನ್ನಾದರೂ ಮಾಡಿಕೊಳ್ಳುವುದು ಬೇಡ. ಆಯುಧಪೂಜೆಯ ದಿನ ಗಾಲಿಗೆ ನಿಂಬೆಹಣ್ಣು ಇಡುತ್ತೇವೆ, ಕುಂಬಳಕಾಯಿ ಒಡೆಯುತ್ತೇವೆ, ಆರತಿ ಎತ್ತುತ್ತೇವೆ. ಅದೆಲ್ಲ ಇರಲಿ. ಅದೇ ದಿನ ಒಮ್ಮೆ ಬಗ್ಗಿ ಗಾಲಿಯ ಒಳಮೈಯನ್ನೂ ನೋಡಿ, ಟಯರಿನ ಮೇಲೆ ಕೈಯಾಡಿಸಿ. ದಾರಿಯಿಂದ ಬಂದವರಿಗೆ ಚಹಾ ಕೊಟ್ಟಾಗ ಕಪ್ಪು ಹಿಡಿದ ಕೈಯನ್ನೂ ನೋಡಿ. ಬಸಿಗೆ ಚಹಾ ಚೆಲ್ಲಿದರೆ ಸುಮ್ಮನಿರಬೇಡಿ. "ಎಷ್ಟು ಸ್ಪೀಡಿನಾಗ ನಡಗತೈತ್ರಿ?" ಎಂದು ಕೇಳಿ.

ನಮ್ಮ ಪಾಟಲಿ ಹೋದ ದೀಪಾವಳಿಗೆ ಬಿಡಿಸಿಕೊಂಡು ಬಂದೆವು. ನಕ್ಕಿದ್ದ ಗೆಳತಿ ಅದನ್ನು ನೋಡಿ "ನಿಮ್ಮ ಟಯರಿನ ವಹಿ ಒಂದಿಷ್ಟು ತೋರಸ್ರಿ ಅಕ್ಕಾರ, ನಮ್ಮನಿಯವರದೂ ಟ್ರ್ಯಾಕ್ಟರ್ ನಡಗತೈತಿ" ಎಂದು ಬಂದಿದ್ದಾಳೆ. ಏನಂತೀರಿ?